ಚರಗದ ಬುತ್ತಿಯೊಳಗಿನ ಒಗರು



ಎಳ್ಳಮಾವಾಸ್ಯೆಗೆ ಬೇಕಾದ ಸಜ್ಜೆಯನ್ನು ನಮ್ಮ ಮಾಕಣಿಯ ಮನೆಯಲ್ಲಿ ಹಬ್ಬದ ಹಿಂದಿನ ದಿನವೇ ಬೀಸಬೇಕಿತ್ತು. ಅದಕ್ಕೂ ಮೊದಲು ಬೀಸುವಂತಿರಲಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು, ವಾರದ ಮುಂಚೆಯೇ ಬೀಸಿಟ್ಟರೆ ಹಬ್ಬದ ಗಡಿಬಿಡಿ ತಪ್ಪುತ್ತದಲ್ಲ ಎಂದು ಕೇಳಿದಾಗ ಅಜ್ಜಿ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ: “ಜ್ವಾಳದ ಹಿಟ್ಟು ತಡೀತದ, ಸಜ್ಜಿ ಹಿಟ್ಟು ತಡೆಯಂಗಿಲ್ಲ. ಕಹಿ ಆಗ್ತದ, ಇಲಿ ವಾಸನಿ ಬರ್ತದ.” ಮುಂದೆ ರಸಾಯನಶಾಸ್ತ್ರದ ಮೇಷ್ಟರಾಗಿ ಸಜ್ಜೆಯ ಮೇಲಿನ ಸಂಶೋಧನೆಗಳನ್ನು ಓದುವಾಗ ನಾನು ಬೆರಗಾಗಿ ಕುಳಿತೆ. ಬೀಸಿದ ಸಜ್ಜೆ ಹಿಟ್ಟು ಕೆಟ್ಟಾಗ ಬರುವ ವಾಸನೆಯನ್ನು ವಿಜ್ಞಾನಿಗಳೂ ಇಲಿಯ ವಾಸನೆ ಎಂದೇ ಕರೆದಿದ್ದರು. ಅದಕ್ಕೆ ಕಾರಣವಾದದ್ದು ಸಜ್ಜೆಗೆ ಬೂದು ಬಣ್ಣ ಕೊಡುವ ಫ್ಲೇವನಾಯ್ಡ್ ಎಂಬ ಫೀನಾಲಿಕ್ ಪದಾರ್ಥ.

ಇವತ್ತಿನ ಮಾತು ಈ ಫೀನಾಲುಗಳ ಬಗ್ಗೆ. ಔಷಧದಂಗಡಿಯ ಡಬ್ಬಿಗಳ ಮೇಲೆ, ಟೀವಿಯ ಜಾಹೀರಾತುಗಳಲ್ಲಿ ಆಂಟಿಆಕ್ಸಿಡೆಂಟ್ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಆ ಮಾತಿನ ಒಳಗೇನಿದೆ ಎಂಬುದನ್ನು ನಮ್ಮ ಹೊಲದ, ನಮ್ಮ ಅಡುಗೆಮನೆಯ ಪದಾರ್ಥಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಮಾಕಣಿ ಎಲ್ಲಿದೆ ಎಂದು ದೂರದ ಕೇಳುಗರು ಕೇಳಬಹುದು. ಮಾಂಜ್ರಾ ನದಿಯನ್ನು ಸೇರುವ ತೇರ್ಣಾಕ್ಕೆ ಆಣೆ ಕಟ್ಟಿರುವ ಊರು ಅದು, ಉಮರ್ಗಾ ಸೀಮೆಯದು. 1956ರ ನವೆಂಬರ್ 1ರವರೆಗೆ ನಾವೆಲ್ಲ ಹೈದರಾಬಾದ್ ರಾಜ್ಯದವರು. ನೆರೆಯ ನಿಲಂಗಾ, ಉದಗೀರ ತಾಲ್ಲೂಕುಗಳಂತೂ ಬೀದರ ಜಿಲ್ಲೆಯಲ್ಲೇ ಇದ್ದವು. ಆ ದಿನ ನಡುವೆ ಗಡಿ ಬಿತ್ತು, ಶಾಲೆಯ ಭಾಷೆ ಬೇರೆಯಾಯಿತು. ಆದರೆ ಮಾರ್ಗಶಿರದ ಅಮಾವಾಸ್ಯೆಯಂದು ಗಡಿಯ ಎರಡೂ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಅದರ ಎಡೆಯನ್ನು ಚರಗವೆಂದು ಚೆಲ್ಲುವುದು ನಿಲ್ಲಲಿಲ್ಲ. ಲಾತೂರು, ಧಾರಾಶಿವ ಭಾಗದ ಮರಾಠಿ ಮನೆಗಳಲ್ಲಿ ಇದಕ್ಕೆ ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ, ಹಳ್ಳಿಯ ಬಾಯಲ್ಲಿ ‘ಯೆಳವಸ’. ಮರಾಠಿಯಲ್ಲಿ ವೇಳ ಎಂದರೆ ಹೊತ್ತು. ಹಬ್ಬದ ಹೆಸರಿನಲ್ಲಿರುವುದು ಹೊತ್ತಲ್ಲ, ನಮ್ಮ ಎಳ್ಳು. ಅಂದು ತಿನ್ನುವ ಉಂಡೆಯೂ ಹಾಗೆಯೇ ಕನ್ನಡದ ಹೆಸರನ್ನೇ ಉಳಿಸಿಕೊಂಡಿದೆ.

ಆ ಬುತ್ತಿಯನ್ನು ಬಿಚ್ಚಿ ನೋಡಿ. ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ. ಹಸಿ ಕಡಲೆ, ಬಟಾಣಿ, ತೊಗರಿ ಕಾಳು, ಸೊಪ್ಪು, ಶೇಂಗಾ ಎಲ್ಲ ಸೇರಿಸಿ, ಕಡಲೆ ಹಿಟ್ಟು ಕಲಸಿ, ಹುಣಸೆಹುಳಿ ಹಿಂಡಿ ಕುದಿಸಿದ ಭಜ್ಜಿ. ಮಜ್ಜಿಗೆಯಲ್ಲಿ ಹುಳಿಸಿದ ಜೋಳದ ಅಂಬಿಲ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಮೇಲೆ ಕುಸುಬಿ ಎಣ್ಣೆಯ ಧಾರೆ. ಫೀನಾಲುಗಳ ಪಾಠ ಮಾಡಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು.

ಮೊದಲು ಎಣ್ಣೆಯನ್ನು ತೆಗೆದುಕೊಳ್ಳಿ. ಕುಸುಬಿ ಎಣ್ಣೆಯ ಬಾಟಲಿಯ ಮುಚ್ಚಳ ತೆರೆದಿಟ್ಟು ಬಿಸಿಲಿಗೆ ಬಿಟ್ಟರೆ ಅದು ಬೇಗ ಕಮಟು ಹಿಡಿಯುತ್ತದೆ. ಆ ಎಣ್ಣೆಯ ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬು. ಅದರ ರಚನೆಯಲ್ಲಿ ಗಾಳಿಯ ಆಮ್ಲಜನಕ ಸುಲಭವಾಗಿ ಕೈಹಾಕಬಲ್ಲ ಸಂದುಗಳಿವೆ. ಅಗಸಿಯ ಕೊಬ್ಬಿನಲ್ಲಿ ಇಂಥ ಸಂದುಗಳು ಇನ್ನೂ ಹೆಚ್ಚು. ಅದಕ್ಕೇ ಅಗಸಿ ಹಿಂಡಿಯನ್ನು ಯಾರೂ ವರ್ಷಕ್ಕಾಗುವಷ್ಟು ಕುಟ್ಟಿಡುವುದಿಲ್ಲ. ಕೆಡುವುದು ಹೇಗೆಂದರೆ, ಕೊಬ್ಬಿನ ಒಂದು ಅಣು ಒಂದು ಹೈಡ್ರೋಜನ್ನನ್ನು ಕಳೆದುಕೊಂಡು ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ನಿಲ್ಲುತ್ತದೆ. ಇದೇ ಫ್ರೀ ರ‍್ಯಾಡಿಕಲ್. ಅದು ಆಮ್ಲಜನಕವನ್ನು ಹಿಡಿದು, ಪಕ್ಕದ ಅಣುವಿನ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಈಗ ಪಕ್ಕದ್ದು ರ‍್ಯಾಡಿಕಲ್ ಆಯಿತು. ಅದು ಇನ್ನೊಂದರದ್ದನ್ನು ಕೀಳುತ್ತದೆ. ಸುಗ್ಗಿ ಮುಗಿದ ಮೇಲೆ ಕಣಕಿಯ ಬಣವಿಗೆ ಒಂದು ಕಿಡಿ ಬಿದ್ದರೆ ಸಿವುಡಿನಿಂದ ಸಿವುಡಿಗೆ ಬೆಂಕಿ ಹೋಗುವುದನ್ನು ನಮ್ಮ ಕಡೆಯವರು ಕಂಡಿದ್ದೀರಿ. ಎಣ್ಣೆಯೊಳಗೆ ನಡೆಯುವುದೂ ಅದೇ, ಕಣ್ಣಿಗೆ ಕಾಣದ ನಿಧಾನದ ಬೆಂಕಿ. ಕಮಟು ವಾಸನೆ ಅದರ ಹೊಗೆ.

ಆ ಬಣವಿಯ ನಡುವೆ ಒಂದು ಹಸಿ ಸಿವುಡು ಇದ್ದರೆ? ಬೆಂಕಿ ಅದಕ್ಕೂ ತಾಗುತ್ತದೆ, ಅದು ಬಾಡುತ್ತದೆ, ಆದರೆ ಮುಂದಕ್ಕೆ ದಾಟಿಸುವುದಿಲ್ಲ. ಫೀನಾಲು ಮಾಡುವ ಕೆಲಸ ಅದು. ಅದರ ಅಣುವಿನಲ್ಲಿ ಆರು ಇಂಗಾಲಗಳ ಒಂದು ಉಂಗುರವಿದೆ, ಉಂಗುರಕ್ಕೆ ಅಂಟಿಕೊಂಡು ಆಮ್ಲಜನಕ-ಹೈಡ್ರೋಜನ್‌ನ ಒಂದು ಜೋಡಿಯಿದೆ. ಆ ಜೋಡಿಯ ಹೈಡ್ರೋಜನ್ನನ್ನು ಅದು ರ‍್ಯಾಡಿಕಲ್‌ಗೆ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ತಾನೂ ರ‍್ಯಾಡಿಕಲ್ಲೇ ಆಗುತ್ತದೆ, ನಿಜ. ಆದರೆ ಒಂಟಿಯಾದ ಎಲೆಕ್ಟ್ರಾನು ಉಂಗುರದ ತುಂಬ ಹರಡಿಕೊಂಡು ತಣ್ಣಗಾಗುತ್ತದೆ. ಇನ್ನೊಬ್ಬರದ್ದನ್ನು ಕೀಳುವ ಹಸಿವು ಅದಕ್ಕೆ ಇರುವುದಿಲ್ಲ. ಸರಪಳಿ ಅಲ್ಲಿಗೆ ಕಡಿಯುತ್ತದೆ. ಹೀಗೆ ಸರಪಳಿ ಕಡಿಯುವ ಪದಾರ್ಥವನ್ನೇ ಆಂಟಿಆಕ್ಸಿಡೆಂಟ್ ಎನ್ನುವುದು.

ಇದಕ್ಕೆ ಸಾಕ್ಷಿ ಬೇಕಾದರೆ ಎಳ್ಳೆಣ್ಣೆ ಇದೆ. ಎಳ್ಳಿನಲ್ಲೂ ಲಿನೋಲೆಯಿಕ್ ಆಮ್ಲ ಬೇಕಾದಷ್ಟಿದೆ, ಆದರೂ ಎಳ್ಳೆಣ್ಣೆ ಉಳಿದ ಎಣ್ಣೆಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಎಳ್ಳಿನೊಳಗೆ ಸೆಸಮಿನ್, ಸೆಸಮೋಲಿನ್ ಎಂಬ ಲಿಗ್ನಾನುಗಳಿವೆ. ಹುರಿದಾಗ ಸೆಸಮೋಲಿನ್ ಒಡೆದು ಸೆಸಮೋಲ್ ಎಂಬ ಫೀನಾಲು ಹುಟ್ಟುತ್ತದೆ, ಅದು ಎಣ್ಣೆಯ ಕಾವಲುಗಾರ. ಎಳ್ಳು ಹುರಿಯುವಾಗ ಅಡುಗೆಮನೆಯ ತುಂಬ ಹರಡುವ ಪರಿಮಳದ ಹೊತ್ತಿನಲ್ಲೇ ಈ ಕಾವಲುಗಾರನೂ ಹುಟ್ಟುತ್ತಿರುತ್ತಾನೆ.

ಈಗ ನಮ್ಮ ನಾಲಿಗೆಯ ಕಡೆ ಬರೋಣ. ಮೆಣಸಿನಕಾಯಿಯ ಖಾರವೂ ಫೀನಾಲೇ, ಅರಿಶಿನದ ಹಳದಿಯೂ ಫೀನಾಲೇ. ಆದರೆ ಗಿಡಮರಗಳಲ್ಲಿ ಹೇರಳವಾಗಿ ಸಿಗುವ ಒಂದು ಫೀನಾಲು ಕುಲವಿದೆ, ಟ್ಯಾನಿನ್. ಅದಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ, ಒಗರು. ಎಳೆ ಬಾಳೆಕಾಯಿ, ನೆಲ್ಲಿಕಾಯಿ, ನೇರಳೆ, ಅಳಲೆ, ದಾಳಿಂಬೆಯ ಸಿಪ್ಪೆ — ಬಾಯಿಗೆ ಇಟ್ಟೊಡನೆ ನಾಲಿಗೆ ಒಣಗಿ ಗಂಟಿಕ್ಕಿದಂತಾಗುತ್ತದಲ್ಲ, ಅದು. ಆರು ರಸಗಳಲ್ಲಿ ನಾವು ಅದನ್ನು ರುಚಿ ಎಂದು ಎಣಿಸಿದರೂ ನಿಜಕ್ಕೂ ಅದೊಂದು ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದು ಕಟ್ಟಿಹಾಕುತ್ತದೆ, ಜಾರುವ ಗುಣ ಹೋಗಿ ಬಾಯಿ ತರಿತರಿಯಾಗುತ್ತದೆ. ಗಿಡ ಇದನ್ನು ನಮಗಾಗಿ ಮಾಡಿಕೊಂಡದ್ದಲ್ಲ. ಹುಳು, ಶಿಲೀಂಧ್ರ, ಹಕ್ಕಿ, ದನ ಇವುಗಳಿಂದ ತನ್ನನ್ನು ಕಾಯ್ದುಕೊಳ್ಳಲು ಮಾಡಿಕೊಂಡದ್ದು. ಹಾಗಾಗಿಯೇ ಅದು ತೊಗಟೆಯಲ್ಲಿ, ಸಿಪ್ಪೆಯಲ್ಲಿ, ಬೀಜದ ಹೊಟ್ಟಿನಲ್ಲಿ ಹೆಚ್ಚು, ತಿರುಳಿನಲ್ಲಿ ಕಡಿಮೆ. ಬೇಲಿ ಇರುವುದು ಹೊಲದ ಅಂಚಿನಲ್ಲಿ ತಾನೆ?

ಹಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು. ಟ್ಯಾನಿನ್ ತುಂಬಿದ ಕೆಲವು ಕೆಂಗಂದು ಜೋಳದ ತಳಿಗಳನ್ನು ಅವು ಬೇಗ ಮುಟ್ಟುವುದಿಲ್ಲ. ನಮ್ಮ ಹಿಂಗಾರಿನ ಮಾಲದಂಡಿಯ ಮುತ್ತಿನಂಥ ಬಿಳಿ ತೆನೆಗೆ ಮುಗಿಬೀಳುತ್ತವೆ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಜೋಳದ ಪ್ಯಾಕೆಟ್ಟುಗಳ ಮೇಲೆ ಈಗ ಆಂಟಿಆಕ್ಸಿಡೆಂಟ್ ಭಂಡಾರ ಎಂದು ಅಚ್ಚು ಹಾಕುವುದನ್ನು ನೋಡುತ್ತೇನೆ. ಬಿಳಿ ಜೋಳದಲ್ಲಿ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿರುವುದು ಮುಖ್ಯವಾಗಿ ಫೆರುಲಿಕ್ ಆಮ್ಲದಂಥ ಫೀನಾಲುಗಳು, ಅವೂ ತವುಡಿನ ನಾರಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದರೆ ಅವು ಜರಡಿಯ ಮೇಲೆಯೇ ಉಳಿಯುತ್ತವೆ. ಅಂಬಿಲಕ್ಕೆಂದು ಹಿಟ್ಟನ್ನು ಹುಳಿಯಿಟ್ಟಾಗ ಸೂಕ್ಷ್ಮಜೀವಿಗಳು ಆ ಬಿಗಿಯನ್ನು ಸ್ವಲ್ಪ ಸಡಿಲಿಸುತ್ತವೆ.

ತೊಗರಿಯದು ಬೇರೆ ಕಥೆ. ಲಾತೂರಿನ ದಾಲ್ ಮಿಲ್ಲುಗಳಲ್ಲಿ ತೊಗರಿಯ ಕೆಂಪು ಹೊಟ್ಟು ಬೇರೆಯಾಗಿ ದನದ ಮೇವಿಗೆ ಹೋಗುತ್ತದೆ. ಕಾಳಿನ ಫೀನಾಲುಗಳಲ್ಲಿ ದೊಡ್ಡ ಪಾಲು ಆ ಹೊಟ್ಟಿನ ಜೊತೆಗೇ ಹೊರಟುಹೋಗುತ್ತದೆ. ಇದನ್ನು ಕೇಳಿ ಅಯ್ಯೋ ಎನ್ನಬೇಡಿ. ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಕಟ್ಟಿಹಾಕುವಂತೆ ಬೇಳೆಯ ಪ್ರೋಟೀನನ್ನೂ ಕಟ್ಟಿಹಾಕುತ್ತದೆ, ಜೀರ್ಣಕ್ಕೆ ಅಡ್ಡಿ ಮಾಡುತ್ತದೆ. ಹೊಟ್ಟು ತೆಗೆದು ಬೇಳೆ ಮಾಡಿದವರು ತಿಳಿಗೇಡಿಗಳಲ್ಲ.

ಪ್ರೋಟೀನನ್ನು ಕಟ್ಟಿಹಾಕುವ ಈ ಗುಣವನ್ನು ಕೈಕೆಲಸವಾಗಿ ಬೆಳೆಸಿದವರು ನಮ್ಮಲ್ಲಿದ್ದಾರೆ. ಅವರನ್ನು ನೆನೆಯದೆ ಈ ಭಾಷಣವನ್ನು ಮುಂದುವರಿಸಲು ನನಗೆ ಮನಸ್ಸಿಲ್ಲ. ಉಮರ್ಗಾದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಗಡಿ ದಾಟಿದರೆ ಬಸವಕಲ್ಯಾಣ ಬರುತ್ತದೆ. 12ನೆಯ ಶತಮಾನದ ಆ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯನವರು ಶರಣರಾಗಿದ್ದರು, ತೊಗಲು ಹದ ಮಾಡುವುದು ಅವರ ಕಾಯಕ. ಹಸಿ ತೊಗಲು ಕೊಳೆಯುತ್ತದೆ. ಜಾಲಿಯ ತೊಗಟೆಯ, ತಂಗಡಿಯ ತೊಗಟೆಯ ಕೆಂಪು ನೀರಿನಲ್ಲಿ ಅದನ್ನು ನೆನೆಸಿಟ್ಟರೆ ಟ್ಯಾನಿನ್ ತೊಗಲಿನ ಕೊಲ್ಯಾಜನ್ ಎಳೆಗಳ ನಡುವೆ ಇಳಿದು ಅವನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಆಮೇಲೆ ಕೊಳೆಸುವ ಜೀವಾಣುಗಳಿಗೆ ಅದರಲ್ಲಿ ಹಲ್ಲೂರಲು ಆಗುವುದಿಲ್ಲ. ಜಾಲಿ ತೊಗಟೆಯ ತೂಕದಲ್ಲಿ ನೂರಕ್ಕೆ 12ರಿಂದ 20ರಷ್ಟು ಟ್ಯಾನಿನ್ನೇ ಇರುತ್ತದೆ. ಮರಾಠಿಯಲ್ಲಿ ತರವಡ ಎನ್ನುವ ಹಳದಿ ಹೂವಿನ ತಂಗಡಿ ಗಿಡ ಇವತ್ತಿಗೂ ನಮ್ಮ ಬೀಳುಗಳಲ್ಲಿ ಆಳೆತ್ತರ ಬೆಳೆಯುತ್ತದೆ. ಯಾವ ತೊಗಟೆ, ಎಷ್ಟು ನೀರು, ಎಷ್ಟು ದಿನ ಎಂಬ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ, ಕಕ್ಕಯ್ಯನವರಂಥ ತೊಗಲು ಹದ ಮಾಡುವ ಜನರನ್ನು ಊರ ಹೊರಗೆ ಇಟ್ಟರು. ಈ ನಾಡಿನ ಮೊದಲ ಫೀನಾಲು ರಸಾಯನಜ್ಞರು ಅವರೇ ಎಂದು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ, ಇಲ್ಲಿಯೂ ಹೇಳುತ್ತೇನೆ.

ಇನ್ನು ಪ್ರಯೋಗಶಾಲೆ. ಗಿಡದ ಸಾರದಲ್ಲಿ ಎಷ್ಟು ಫೀನಾಲಿದೆ ಎಂದು ಅಳೆಯುವ ವಿಧಾನದ ಬೇರು 1927ರಷ್ಟು ಹಳೆಯದು. ಒಟ್ಟೊ ಫೋಲಿನ್ ಮತ್ತು ಚಿಯೋಕಾಲ್ಟ್ಯೂ ಎಂಬಿಬ್ಬರು ಪ್ರೋಟೀನಿನ ಭಾಗಗಳನ್ನು ಅಳೆಯಲು ಮಾಡಿದ ಹಳದಿ ದ್ರಾವಣ ಅದು. ಫೀನಾಲು ಸೋಕಿದರೆ ನೀಲಿಯಾಗುತ್ತದೆ. 1965ರಲ್ಲಿ ಸಿಂಗಲ್ಟನ್ ಮತ್ತು ರೊಸ್ಸಿ ದ್ರಾಕ್ಷಾರಸದ ಫೀನಾಲು ಅಳೆಯಲು ಅದನ್ನು ತಿದ್ದಿದರು. ನೀಲಿ ಎಷ್ಟು ಗಾಢವೋ ಫೀನಾಲು ಅಷ್ಟು. ಇನ್ನೊಂದು ಪರೀಕ್ಷೆ ಇನ್ನೂ ಸೊಗಸಾದದ್ದು. ಡಿಪಿಪಿಎಚ್ ಎಂಬ ಪದಾರ್ಥ ಸೀಸೆಯಲ್ಲಿ ಇಟ್ಟುಕೊಳ್ಳಬಹುದಾದ ಅಪರೂಪದ ರ‍್ಯಾಡಿಕಲ್. ಅದರ ದ್ರಾವಣ ಕಡು ನೇರಳೆ. ಹೈಡ್ರೋಜನ್ ಕೊಡುವವರು ಸಿಕ್ಕರೆ ನೇರಳೆ ಹೋಗಿ ತಿಳಿ ಹಳದಿಯಾಗುತ್ತದೆ. 1958ರಲ್ಲಿ ಬ್ಲಾಯ್ಸ್ ಎಂಬವರು ಇದನ್ನು ಅಳತೆಗೆ ಬಳಸಿ ತೋರಿಸಿದರು. ನಮ್ಮ ಕಾಲೇಜಿನ ಮಕ್ಕಳ ಮುಂದೆ ಒಣಗಿದ ದಾಳಿಂಬೆ ಸಿಪ್ಪೆಯ ಸಾರದ ನಾಲ್ಕು ಹನಿಯನ್ನು ಆ ನೇರಳೆಗೆ ಬಿಟ್ಟಾಗ, ಬಣ್ಣ ಬಿಟ್ಟುಹೋಗುವುದನ್ನು ನೋಡಿ ಹಿಂದಿನ ಬೆಂಚಿನವರೂ ಎದ್ದು ಬಂದಿದ್ದರು.

ದಾಳಿಂಬೆಯನ್ನೇ ಏಕೆ ಆರಿಸಿದೆ ಎಂದರೆ, ಅದು ನಮ್ಮ ಸುತ್ತಣ ಬೆಳೆ. ಸೊಲ್ಲಾಪುರದ ಕಡೆ ಎಕರೆಗಟ್ಟಲೆ ಭಗವಾ ದಾಳಿಂಬೆ ಇದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವನ್ನು 2005ರಲ್ಲಿ ಸೊಲ್ಲಾಪುರದಲ್ಲೇ ತೆರೆದರು. ಹಣ್ಣು ಬಿಡಿಸಿ ಸಿಪ್ಪೆಯನ್ನು ತಿಪ್ಪೆಗೆ ಎಸೆಯುವುದು ಎಲ್ಲರ ರೂಢಿ. ಆ ಸಿಪ್ಪೆಯನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಸಿಂಗ್, ಚಿದಂಬರಮೂರ್ತಿ ಮತ್ತು ಜಯಪ್ರಕಾಶ ಅವರು ಪರೀಕ್ಷೆಗೆ ಒಡ್ಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥನಾಲಿನಲ್ಲಿ ತೆಗೆದ ಸಿಪ್ಪೆಯ ಸಾರ ಹತ್ತು ಲಕ್ಷದಲ್ಲಿ 50 ಪಾಲಿನಷ್ಟು ಇದ್ದಾಗಲೇ ಡಿಪಿಪಿಎಚ್ ಪರೀಕ್ಷೆಯಲ್ಲಿ ನೂರಕ್ಕೆ 81ರಷ್ಟು ಕೆಲಸ ಮಾಡಿತು. ಬೀಜದ ಸಾರವನ್ನು ಅದರ ಎರಡರಷ್ಟು ಹಾಕಿದರೂ ನೂರಕ್ಕೆ 23ರ ಆಸುಪಾಸಿಗೆ ನಿಂತಿತು. ನಾವು ತಿನ್ನುವ ಭಾಗಕ್ಕಿಂತ ಎಸೆಯುವ ಭಾಗದಲ್ಲೇ ಶಕ್ತಿ ಹೆಚ್ಚು. ಸಿಪ್ಪೆಯ ಒಗರಿನಲ್ಲಿ ಪ್ಯೂನಿಕಾಲಾಜಿನ್ ಎಂಬ ದೊಡ್ಡ ಟ್ಯಾನಿನ್ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಮಾತನ್ನು ಯಾರಾದರೂ ತಮ್ಮ ಜಾಹೀರಾತಿಗೆ ಬಳಸಿಕೊಳ್ಳಬಹುದಿತ್ತು. ಉದಗೀರದ ಸಂತೆಯಲ್ಲಿ ಒಮ್ಮೆ ದಾಳಿಂಬೆ ಸಿಪ್ಪೆಯ ಪುಡಿ ತುಂಬಿದ ಗುಳಿಗೆಗಳನ್ನು ಕ್ಯಾನ್ಸರಿಗೆ ಮದ್ದೆಂದು ಮಾರುವುದನ್ನು ಕಂಡೆ. ಕೊಂಡವರಲ್ಲಿ ಒಬ್ಬಳು ಮುದುಕಿ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದಳು. ಆ ಕೈ ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ. ಅವಳಿಗೆ ಹೇಳಬೇಕಾಗಿದ್ದನ್ನು ಈಗ ನಿಮಗೆ ಹೇಳುತ್ತೇನೆ. ಸೀಸೆಯಲ್ಲಿ ನೇರಳೆ ಬಣ್ಣ ಹೋದದ್ದು ಸೀಸೆಯ ಸುದ್ದಿ. ದೇಹ ಸೀಸೆಯಂಥದಲ್ಲ. ಪ್ಯೂನಿಕಾಲಾಜಿನ್‌ನಂಥ ದೊಡ್ಡ ಅಣು ಕರುಳನ್ನು ದಾಟಿ ಹಾಗೆಯೇ ರಕ್ತಕ್ಕೆ ಹೋಗುವುದಿಲ್ಲ. ಕರುಳಿನ ಜೀವಾಣುಗಳು ಅದನ್ನು ಕಡಿದು ಯುರೊಲಿಥಿನ್ ಎಂಬ ಸಣ್ಣ ಪದಾರ್ಥಗಳನ್ನಾಗಿ ಮಾಡುತ್ತವೆ. ಆ ಜೀವಾಣುಗಳು ಎಲ್ಲರ ಹೊಟ್ಟೆಯಲ್ಲೂ ಒಂದೇ ಥರ ಇರುವುದಿಲ್ಲ. ಒಳಗೆ ಹೋದ ಅಷ್ಟಿಷ್ಟನ್ನೂ ಯಕೃತ್ತು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸುತ್ತದೆ.

ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಆಂಟಿಆಕ್ಸಿಡೆಂಟ್ ಗುಳಿಗೆಯದೇ ದೊಡ್ಡ ಪರೀಕ್ಷೆ ನಡೆಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಫೀನಾಲಲ್ಲ, ಆದರೆ ಹೆಸರಾಂತ ಆಂಟಿಆಕ್ಸಿಡೆಂಟ್. ಅದನ್ನು ಗುಳಿಗೆಯಾಗಿ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಗುಳಿಗೆ ನುಂಗಿದವರಲ್ಲೇ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಅಂಕೆಯಲ್ಲಿ ಪಟ್ಟಿ ಮಾಡಿ ಹಾಕಿತ್ತು. ಸೀಸೆಯ ಅಂಕೆಗೂ ಆರೋಗ್ಯಕ್ಕೂ ನೇರ ನಂಟಿಲ್ಲ, ವ್ಯಾಪಾರಿಗಳು ಅದನ್ನು ತಪ್ಪಾಗಿ ಬಳಸುತ್ತಿದ್ದಾರೆ ಎಂದು 2012ರಲ್ಲಿ ಅದೇ ಇಲಾಖೆ ಆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾಳು, ಸೊಪ್ಪು, ಹಣ್ಣು ಹೆಚ್ಚು ತಿನ್ನುವವರ ಆರೋಗ್ಯ ಚೆನ್ನಾಗಿರುತ್ತದೆ ಎಂಬುದು ನಿಜ. ಆ ಪುಣ್ಯವನ್ನೆಲ್ಲ ಒಂದೇ ಒಂದು ಅಣುವಿನ ತಲೆಗೆ ಕಟ್ಟಿ ಗುಳಿಗೆ ಮಾಡಿ ಮಾರುವುದು ಸುಳ್ಳು.

ಒಗರಿನಿಂದ ಒಂದು ನೇರ ತೊಂದರೆಯೂ ಇದೆ, ನಮ್ಮ ಹೆಣ್ಣುಮಕ್ಕಳಿಗೆ ಅದು ಗೊತ್ತಿರಬೇಕು. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಅಲಗು ಕಪ್ಪಾಗುವುದನ್ನು ಕಂಡಿದ್ದೀರಿ. ಒಗರು ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ರೊಟ್ಟಿ ತಿನ್ನುತ್ತಲೇ ಗಟ್ಟಿ ಚಹಾ ಕುಡಿದರೆ ಹೊಟ್ಟೆಯಲ್ಲೂ ಹೀಗೇ ಆಗುತ್ತದೆ. ಚಹಾದ ಟ್ಯಾನಿನ್ ಕಾಳುಸೊಪ್ಪಿನ ಕಬ್ಬಿಣವನ್ನು ಕಟ್ಟಿ, ರಕ್ತಕ್ಕೆ ಸೇರದಂತೆ ಮಾಡುತ್ತದೆ. ರಕ್ತಹೀನತೆ ಮನೆಮನೆಯಲ್ಲೂ ಇರುವ ನಮ್ಮ ಕಡೆ ಚಹಾ ಊಟಕ್ಕಿಂತ ಒಂದು ತಾಸು ಆಚೆಈಚೆ ಇರಲಿ. ಊಟದ ಜೊತೆ ನಿಂಬೆಹಣ್ಣಿನ ಹೋಳು ಇರಲಿ. ನಿಂಬೆಯ ಸಿ ಜೀವಸತ್ವ ಕಬ್ಬಿಣವನ್ನು ಒಗರಿನ ಹಿಡಿತದಿಂದ ಬಹುಮಟ್ಟಿಗೆ ಬಿಡಿಸುತ್ತದೆ. ಗರ್ಭಿಣಿಯರು ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು. ಈ ಮಾತನ್ನು ಕೇಳಿದವರು ಪಕ್ಕದ ಮನೆಗೂ ದಾಟಿಸಿ.

ದಾಳಿಂಬೆ ಸಿಪ್ಪೆಯನ್ನು ಹಾಗಾದರೆ ಏನು ಮಾಡಬೇಕು? ಕಳೆದ ಎಳ್ಳಮಾವಾಸ್ಯೆಗೆ ನಾನು ಮಾಕಣಿಗೆ ಹೋದಾಗ ಮೊಮ್ಮಗಳಿಗೆ ಒಂದು ಕೆಲಸ ಹೇಳಿಕೊಟ್ಟಿದ್ದೆ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಮುಳುಗಿಸಿ ಎರಡು ವಾರ ಮೊದಲೇ ಇಡಿಸಿದ್ದೆ. ಕಲಂಕಾರಿಯವರು ಬಟ್ಟೆಗೆ ಕಪ್ಪು ಬಣ್ಣ ಮಾಡುವ ಹಳೆಯ ದಾರಿ ಇದು, ಅವರು ಒಗರಿಗೆ ಅಳಲೆಕಾಯಿ ಬಳಸುತ್ತಾರೆ. ನಾವು ದಾಳಿಂಬೆ ಸಿಪ್ಪೆಯನ್ನು ಕುದಿಸಿ, ಸೋಸಿ, ಆ ಹಳದಿ ಕಷಾಯಕ್ಕೆ ಮೊಳೆಯ ನೀರು ಬೆರೆಸಿದೆವು. ಹಿಂದಿನವರು ಅಳಲೆಯಿಂದ ಮಸಿ ಮಾಡುತ್ತಿದ್ದುದೂ ಹೀಗೆಯೇ. ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಉಂಡ ಮೇಲೆ ಅವಳು ಜೋಳದ ದಂಟಿನ ತುದಿ ಚೂಪು ಮಾಡಿಕೊಂಡು ಬರೆಯಲು ಕುಳಿತಳು.

ಅವಳು ಓದುವುದು ಮರಾಠಿ ಶಾಲೆಯಲ್ಲಿ. “ತುರಟ ಅಂದ್ರ ಕನ್ನಡದಾಗ ಏನು, ಮುತ್ಯಾ?” ಎಂದಳು. ಹೇಳಿದೆ. ಕನ್ನಡ ಅಕ್ಷರಗಳನ್ನು ಮನೆಯಲ್ಲೇ ಕಲಿತವಳು, ನಿಧಾನವಾಗಿ ಮೂರು ಅಕ್ಷರ ಬರೆದಳು: ಒಗರು. ಬರೆದಾಗ ಅದು ಮಾಸಲಾಗಿತ್ತು, ಓದಲೂ ಆಗದಷ್ಟು. ಮಸಿ ಸರಿಯಾಗಲಿಲ್ಲವೇನೋ ಎಂದು ಅವಳ ಮುಖ ಸಪ್ಪಗಾಯಿತು. ಸ್ವಲ್ಪ ತಾಳು ಎಂದೆ. ಕಾಗದವನ್ನು ಹೊಲದ ಗಾಳಿಗೆ ಹಿಡಿದು ಕುಳಿತೆವು. ಆಮ್ಲಜನಕ ತಾಗಿದಂತೆಲ್ಲ ಕಬ್ಬಿಣ ತನ್ನ ಸ್ಥಿತಿ ಬದಲಿಸುತ್ತ, ಒಗರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತ ಹೋಯಿತು. ಊರ ಕಡೆ ಗಾಡಿಗಳು ಹೊರಡುವ ಹೊತ್ತಿಗೆ ಆ ಮೂರು ಅಕ್ಷರಗಳು ಕಡುಗಪ್ಪಾಗಿದ್ದವು.